ಬೆಕ್ಕಿನ ಮರಿಗಳ ಬಳುವಳಿ

ಮಾರ್ಕೋನಹಳ್ಳಿ ನಾಲೆಯ ಬಯಲಿನಲ್ಲಿ ಮಹಾಲಿಂಗಯ್ಯನ ಗದ್ದೆ ಇತ್ತು. ಗದ್ದೆಯ ಅಂಚಿನಲ್ಲೇ ಹೆಂಚಿನ ಮನೆ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಭತ್ತ ಚೆನ್ನಾಗಿ ಬಂತು. ಹಳೆಯ ಮಾಡು ಕೆಡವಿ ತಾರಸಿ ಹಾಕಿಸೋಣವೆಂದು ಅವನೂ ಹೆಂಡತಿ ಗಂಗಾಂಬಿಕೆಯೂ ಮಾತಾಡಿಕೊಂಡರು. ಗಾರೆಯವರು ಬರುವ ಮೊದಲು ಅಟ್ಟ ಖಾಲಿಯಾಗಬೇಕಿತ್ತು.

ಅಟ್ಟದಲ್ಲಿ ಕೂಡು ಸಂಸಾರದ ಕಾಲದ ಸಾಮಾನೆಲ್ಲ ಹಾಗೇ ಬಿದ್ದಿತ್ತು. ದೊಡ್ಡ ಹಂಡೆ, ಒನಕೆ, ಬೀಸುವ ಕಲ್ಲು, ಕಾಲು ಅಲ್ಲಾಡುವ ತೊಟ್ಟಿಲು, ಒಂದರೊಳಗೊಂದು ಕೂತ ಹಿತ್ತಾಳೆ ಪಾತ್ರೆಗಳು. ‘ಬೇಕಾದ್ದು ಒಯ್ಯಿರಿ’ ಎಂದು ಗಂಗಾಂಬಿಕೆ ಸುತ್ತಲಿನವರಿಗೆ ಹೇಳಿಕಳಿಸಿದಳು. ಜನ ಗಾಡಿ ಕಟ್ಟಿಕೊಂಡೇ ಬಂದರು. ಹಂಡೆಯನ್ನು ಕೆಳಗಿಳಿಸಿದಾಗ ಅದರೊಳಗಿಂದ ಮನೆಯ ಬೆಕ್ಕು ಹಾಕಿದ್ದ ಮೂರು ಮರಿಗಳು ತಲೆ ಎತ್ತಿದವು. ಒಂದು ಕಪ್ಪು, ಒಂದು ಬಿಳಿ, ಇನ್ನೊಂದು ಪಟ್ಟೆಪಟ್ಟೆಯದು. ಹಾಲು ಬಿಟ್ಟು ಅನ್ನ ತಿನ್ನುವಷ್ಟು ಬೆಳೆದಿದ್ದವು.

“ಇವನ್ನೂ ತಗೊಂಡೋಗ್ರಪ್ಪ” ಎಂದಳು ಗಂಗಾಂಬಿಕೆ.

“ಹಂಡೆ ಸಾಕು ಕಣಕ್ಕ. ನಮ್ಮನೇಲಿರೋ ಬೆಕ್ಕುಗಳಿಗೇ ಹಾಲು ಸಾಲ್ತಿಲ್ಲ” ಎಂದು ಹಂಡೆ ಒಯ್ಯುವವನು ಮರಿಗಳನ್ನು ಎತ್ತಿ ಜಗಲಿಯ ಮೇಲಿಟ್ಟು ಹೋದ. ಒನಕೆ ಒಯ್ದವಳೂ ಅದನ್ನೇ ಅಂದಳು. ಸಂಜೆಯ ಹೊತ್ತಿಗೆ ಅಟ್ಟ ಬರಿದಾಯಿತು, ಮರಿಗಳು ಮಾತ್ರ ಉಳಿದವು.

“ಸಂತೇಲಿ ಬುಟ್ ಬಂದ್ರಾಯ್ತು ಬುಡೇ” ಎಂದ ಮಹಾಲಿಂಗಯ್ಯ.

“ಎತ್ತಿನ ಕಾಲ್ಗೆ ಸಿಕ್ಕಿ ಸಾಯ್ಲಿ ಅಂತಲಾ? ನಿಮ್ಮ ತಂಗೀರ್ನ ಕೊಟ್ಟಾಗ ಬರಿಗೈಲಿ ಕಳಿಸಿದ್ರಾ? ಇವಕ್ಕೂ ಏನಾದ್ರೂ ಜೊತೆಗಿಟ್ಟು, ಒಳ್ಳೆ ಮನೆ ನೋಡಿ ಕಳಿಸ್ತೀನಿ.”

“ಬೆಕ್ಕಿಗೂ ಬಳುವಳಿಯಾ!” ಎಂದು ಮಹಾಲಿಂಗಯ್ಯ ಕೆಮ್ಮು ಬರುವಷ್ಟು ನಕ್ಕ. ಗಂಗಾಂಬಿಕೆ ನಗಲಿಲ್ಲ. ತನಗೆಂದು ಎತ್ತಿಟ್ಟುಕೊಂಡಿದ್ದ ಸಾಮಾನಿನಲ್ಲೇ ಮರದ ಶ್ಯಾವಿಗೆ ಒರಳು, ಹಿತ್ತಾಳೆ ಚೊಂಬು, ಮಜ್ಜಿಗೆ ಕಡೆಗೋಲು ಆರಿಸಿ ಒಂದು ಚೀಲಕ್ಕೆ ತುಂಬಿದಳು. ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ ಅವಳ ತಂಗಿ ಶಕುಂತಲಮ್ಮನ ಮನೆ. ಆ ಬೀದಿಯಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆಂಬ ಧೈರ್ಯದಲ್ಲಿ ಮರಿಗಳನ್ನು ಬಿದಿರು ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಸೀರೆ ಕಟ್ಟಿ, ಬೆಳಗ್ಗೆ ಕುಣಿಗಲ್‌ನಲ್ಲಿ ತುಮಕೂರಿನ ಬಸ್ಸು ಹತ್ತಿದಳು.

ಪಕ್ಕದ ಸೀಟಿನಲ್ಲಿ ಬುರ್ಖಾ ತೊಟ್ಟ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಮುನವ್ವರಾ. ಅವಳ ಗಂಡ ಖುರ್ಷಿದ್ ಪಾಷಾನದು ತುಮಕೂರಿನಲ್ಲಿ ಹಾಸಿಗೆ ಅಂಗಡಿ. ಅವನು ಹಿಂದಿನ ಸೀಟಿನಲ್ಲಿದ್ದ. ಕಂಡಕ್ಟರ್ ಚಿಕ್ಕಮಾರಯ್ಯ ಟಿಕೆಟ್ ಹರಿಯುತ್ತ ಬಂದು ಬುಟ್ಟಿ ನೋಡಿದ.

“ಅಕ್ಕ, ಇದ್ರಾಗೇನೈತೆ?”

“ಅಡ್ಗೆ ಸಾಮಾನು ಕಣಪ್ಪ.”

ಬುಟ್ಟಿ ‘ಮಿಯಾಂವ್’ ಎಂದಿತು.

“ಅಡ್ಗೆ ಸಾಮಾನು ಕೂಗ್ತೈತಲ್ಲಕ್ಕ!” ಎಂದ ಚಿಕ್ಕಮಾರಯ್ಯ. ಬಸ್ಸೆಲ್ಲ ನಕ್ಕಿತು. ಗಂಗಾಂಬಿಕೆ ನಾಚಿಕೊಂಡು ಇದ್ದ ಸಂಗತಿ ಹೇಳಿದಳು. ಬಳುವಳಿಯ ಮಾತು ಕೇಳಿ ಮುನವ್ವರಾ ಬಾಯಿಗೆ ಕೈ ಅಡ್ಡ ಹಿಡಿದು ಮತ್ತಷ್ಟು ನಕ್ಕಳು.

ಹೆಬ್ಬೂರಿನಲ್ಲಿ ಇಬ್ಬರು ಹತ್ತಿದರು. ಮಡಿ ಪಂಚೆ, ವಿಭೂತಿಯ ತಿಪ್ಪಯ್ಯ, ಮತ್ತು ಇಸ್ತ್ರಿ ಹಾಕಿದ ಷರಟಿನ ಅವನ ಮಗ ಬೆಟ್ಟಸ್ವಾಮಿ. ಮಗನಿಗೆ ಹೆಣ್ಣು ನೋಡಲು ತುಮಕೂರಿಗೆ ಹೊರಟಿದ್ದರು. ಬಸ್ಸು ಊರು ದಾಟಿ ಸ್ವಲ್ಪ ದೂರ ಹೋಗಿತ್ತು. ತಿರುವಿನಲ್ಲಿ ಎತ್ತಿನ ಗಾಡಿ ಎದುರಾಯಿತು. ಡ್ರೈವರ್ ಗುಲಾಮ್ ನಬಿ ಗಟ್ಟಿಯಾಗಿ ಬ್ರೇಕ್ ತುಳಿದ. ಬುಟ್ಟಿ ಉರುಳಿತು. ಮೂರು ಮರಿಗಳೂ ಮೂರು ದಿಕ್ಕಿಗೆ ಓಡಿದವು.

ಬಿಳಿಯದು ಮುನವ್ವರಾಳ ಬುರ್ಖಾದ ಮಡಿಕೆಯೊಳಗೆ ನುಗ್ಗಿತು. ಪಟ್ಟೆಯದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಕಪ್ಪು ಮರಿ ತಿಪ್ಪಯ್ಯನ ಕಾಲ ಮುಂದೆಯೇ ಹಾದು ಹೋಯಿತು.

“ನಿಲ್ಸಪ್ಪ ಬಸ್ಸು!” ತಿಪ್ಪಯ್ಯ ಎದ್ದು ನಿಂತ. “ಕರೀ ಬೆಕ್ಕು ಅಡ್ಡ ಬಂತು. ಇವತ್ತು ಹೋಗೋ ಹಂಗಿಲ್ಲ. ಇಳಿಯೋ ಬೆಟ್ಟ.”

ಬೆಟ್ಟಸ್ವಾಮಿ ಏಳಲಿಲ್ಲ. ಮರಿ ಅವನ ಪ್ಯಾಂಟು ಹಿಡಿದು ಹತ್ತಿ ತೊಡೆಯ ಮೇಲೆ ಕೂತಿತ್ತು. “ಅಪ್ಪ, ಒಂದ್ಸಲ ಯಾರೋ ಸೀನಿದ್ರು ಅಂತ ನೀನು ವಾಪಸ್ ಕರ್ಕೊಂಡ್ ಬಂದೆ. ಇನ್ನೊಂದ್ಸಲ ಹಾವು ಕಾಣ್ತು ಅಂದೆ. ಇವತ್ತು ನಾನಿಳಿಯಲ್ಲ” ಎಂದ. ಅಪ್ಪನಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಅವನು ಮರಿಯನ್ನೇ ನೋಡುತ್ತ ಕೂತ.

ಗಂಗಾಂಬಿಕೆಗೆ ಪಾಪ ಅನ್ನಿಸಿತು. ತನ್ನ ಬುಟ್ಟಿಯಿಂದ ಒಂದು ಮದುವೆ ಮುರಿಯುವುದು ಅವಳಿಗೆ ಬೇಡವಾಗಿತ್ತು.

“ಯಜಮಾನ್ರೇ, ಅಡ್ಡ ಬಂದಿದ್ರೆ ಆ ಕಡೆ ಹೊಂಟೋಗ್ಬೇಕಿತ್ತು. ಅದು ನಿಮ್ಮ ಮಗನ ತೊಡೆ ಮೇಲೆ ಕೂತೈತೆ. ತಾನಾಗೇ ಬಂದು ಕೂತಿದ್ದು ಅಡ್ಡ ಹೆಂಗಾದೀತು?”

ತಿಪ್ಪಯ್ಯ ಯೋಚಿಸಿದ. ಬಸ್ಸಿನಲ್ಲಿ ವಾದ ಶುರುವಾಯಿತು. ಹೊರಗಾದರೆ ಅಪಶಕುನ, ಗಾಡಿಯೊಳಗೆ ಲೆಕ್ಕಕ್ಕಿಲ್ಲ ಎಂದರು ಕೆಲವರು. ಎಡದಿಂದ ಬಲಕ್ಕೆ ಬಂದರೆ ಒಳ್ಳೆಯದೇ ಎಂದ ಒಬ್ಬ ಮುದುಕ.

“ಇಳಿಯೋರು ಬೇಗ ಇಳೀರಿ. ಇನ್ನೊಂದ್ ಬಸ್ಸು ಮಧ್ಯಾಹ್ನಕ್ಕೇ” ಎಂದ ಚಿಕ್ಕಮಾರಯ್ಯ. ಹೊರಗೆ ಬಿಸಿಲು ಸುಡುತ್ತಿತ್ತು. ತಿಪ್ಪಯ್ಯ ಗೊಣಗಿಕೊಂಡು ಕೂತ.

ಮುನವ್ವರಾ ಬಿಳಿ ಮರಿಯ ಕಿವಿ ಸವರುತ್ತ ಗಂಡನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದಳು. ಅವನು ತಲೆಯಾಡಿಸಿದ. “ಅಂಗಡೀಲಿ ಇಲಿ ಕಾಟ ಅಕ್ಕ, ಹತ್ತಿಯೆಲ್ಲ ಹರಿದಾಕ್ತವೆ. ಇದು ನಮಗಿರಲಿ” ಎಂದಳು. ಗಂಗಾಂಬಿಕೆ ಚೀಲದಿಂದ ಶ್ಯಾವಿಗೆ ಒರಳು ತೆಗೆದಳು. ಮುನವ್ವರಾಳ ಮುಖ ಅರಳಿತು. “ಅಲ್ಲಾ! ರಂಜಾನಿಗೆ ಶ್ಯಾವಿಗೆ ಮನೇಲೇ ಒತ್ತಬಹುದು!” ಒರಳನ್ನು ಹೊರುವ ಕೆಲಸ ಖುರ್ಷಿದ್ ಪಾಷಾನ ಪಾಲಿಗೆ ಬಂತು.

ತುಮಕೂರು ಬಂದಾಗ ಬೆಟ್ಟಸ್ವಾಮಿ ಕಪ್ಪು ಮರಿಯನ್ನು ಹಿಂತಿರುಗಿಸಲಿಲ್ಲ. “ಕೊಟ್ಬುಡ್ತೀರಾ ಅಮ್ಮ?” ಎಂದಷ್ಟೇ ಕೇಳಿದ. ಗಂಗಾಂಬಿಕೆ ಚೊಂಬನ್ನು ಅವನ ಕೈಗಿಟ್ಟಳು. ಅವನು ಮರಿಯನ್ನು ಷರಟಿನೊಳಗೆ ಸೇರಿಸಿಕೊಂಡು ಅಪ್ಪನ ಹಿಂದೆ ನಡೆದ.

ಪಟ್ಟೆ ಮರಿ ಸಿಗಲಿಲ್ಲ. ಗಂಗಾಂಬಿಕೆ ಮಂಡಿಯೂರಿ ಸೀಟುಗಳ ಕೆಳಗೆಲ್ಲ ಹುಡುಕಿದಳು. ಬ್ರೇಕ್ ಹಾಕಿದಾಗ ಬಾಗಿಲಿಂದ ಹಾರಿತೋ ಏನೋ ಎನ್ನಿಸಿತು. ಕ್ಯಾತ್ಸಂದ್ರದಲ್ಲಿ ತಂಗಿ ಬಡಿಸಿದ ಊಟ ರುಚಿಸಲಿಲ್ಲ. “ಎರಡಕ್ಕಾದ್ರೂ ಮನೆ ಸಿಕ್ತಲ್ಲಕ್ಕ” ಎಂದು ಶಕುಂತಲಮ್ಮ ಸಮಾಧಾನ ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ.

ಸಂಜೆ ಅದೇ ಬಸ್ಸು ಕುಣಿಗಲ್‌ಗೆ ಹೊರಟಿತ್ತು. ಹತ್ತುವಾಗಲೇ ಚಿಕ್ಕಮಾರಯ್ಯ ಡ್ರೈವರ್ ಕಡೆ ಕೈ ತೋರಿಸಿದ. ಎಂಜಿನ್ ಪಕ್ಕದ ಬೆಚ್ಚನೆ ಜಾಗದಲ್ಲಿ, ಗುಲಾಮ್ ನಬಿಯ ಮಡಿಸಿಟ್ಟ ಟವೆಲಿನ ಮೇಲೆ, ಪಟ್ಟೆ ಮರಿ ಮಲಗಿತ್ತು.

“ವಾಪಸ್ ಕೇಳ್ಬೇಡಿ ಅಮ್ಮ” ಎಂದ ಗುಲಾಮ್ ನಬಿ. “ಮಧ್ಯಾಹ್ನ ನನ್ನ ಡಬ್ಬಿ ಮೀನು ತಿಂದೈತೆ. ಇನ್ನು ನಮ್ಮನೇದೇ. ಆದ್ರೆ ಎಲ್ರಿಗೂ ಏನೋ ಕೊಟ್ರಂತೆ?”

ಗಂಗಾಂಬಿಕೆ ಕಣ್ಣೊರೆಸಿಕೊಂಡು ಕಡೆಗೋಲು ಕೊಟ್ಟಳು. ಅವನು ಅದನ್ನು ಗೇರ್ ಪಕ್ಕದಲ್ಲಿ ಸಿಕ್ಕಿಸಿ ಬಸ್ಸು ಬಿಟ್ಟ.

ಮನೆಯಲ್ಲಿ ತಾಯಿ ಬೆಕ್ಕು ಮರಿಗಳನ್ನು ಹುಡುಕಿ ಕೂಗುತ್ತಿತ್ತು. ಗಂಗಾಂಬಿಕೆ ಅದನ್ನು ಪಕ್ಕದಲ್ಲಿ ಮಲಗಿಸಿಕೊಂಡಳು. ಕೆಲವು ದಿನಗಳಲ್ಲಿ ಅದು ಕೂಗುವುದು ಬಿಟ್ಟು, ಮತ್ತೆ ಇಲಿ ಹಿಡಿಯತೊಡಗಿತು.

ತಾರಸಿ ಹಾಕುವ ದಿನ ತಿಪ್ಪಯ್ಯ ಲಗ್ನಪತ್ರಿಕೆ ಹಿಡಿದು, ಚಿಕ್ಕಮಾರಯ್ಯನನ್ನು ವಿಚಾರಿಸಿ ಮನೆ ಹುಡುಕಿಕೊಂಡು ಬಂದ. ಕಾಫಿ ಕುಡಿಯುತ್ತ ನಡೆದದ್ದು ಹೇಳಿದ. ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದು ಇಡುತ್ತಿದ್ದಾಗ ಬೆಟ್ಟಸ್ವಾಮಿಯ ಷರಟಿನಿಂದ ಮರಿ ತಲೆ ಹೊರಹಾಕಿತು. ಹುಡುಗಿ ನಕ್ಕುಬಿಟ್ಟಳು. ಹೆಸರೇನೆಂದು ಅವಳು ಕೇಳಿದರೆ ಇವನು ‘ನೀವೇ ಇಡಿ’ ಅಂದ. ಅಲ್ಲಿಗೆ ಮಾತುಕತೆ ಮುಗಿದೇಹೋಯಿತು.

“ಶಕುನ ಒಳ್ಳೇದೇ ಇತ್ತು ತಾಯಿ, ನನಗೇ ತಿಳೀಲಿಲ್ಲ” ಎಂದ ತಿಪ್ಪಯ್ಯ.

ಗಂಗಾಂಬಿಕೆ, ಮಹಾಲಿಂಗಯ್ಯ ಇಬ್ಬರೂ ಮದುವೆಗೆ ಹೋದರು. ಹೆಬ್ಬೂರಿನ ಚಪ್ಪರದ ಬಾಗಿಲಲ್ಲಿ ತಿಪ್ಪಯ್ಯ ಹೊಸ ಪಂಚೆಯುಟ್ಟು ಕಪ್ಪು ಮರಿಯನ್ನು ಎದೆಗವಚಿಕೊಂಡು ನಿಂತಿದ್ದ. ಮುಹೂರ್ತಕ್ಕೆ ಹೊರಟ ಗಂಡಿನ ಎದುರಿಗೆ ಅದನ್ನು ಒಳ್ಳೆ ಶಕುನಕ್ಕೆ ಬಿಡಬೇಕೆಂದು ಕಾಯುತ್ತಿದ್ದ; ಅದು ಮಾತ್ರ ಊಟದ ಮನೆಯ ಕಡೆಗೇ ಎಳೆಯುತ್ತಿತ್ತು.