ಡೊರೊಥಿಯ ಹೆಸರಿನ ಬೆಂಚು

ನಾನೊಂದು ಸಾಗವಾನಿ ಬೆಂಚು. ಮರವಾಗಿ ಹುಟ್ಟಿದ್ದು ದಾಂಡೇಲಿ ಕಾಡಿನಲ್ಲಿ, ಬೆಂಚಾದದ್ದು ಇಂಗ್ಲೆಂಡಿನಲ್ಲಿ. ನಡುವೆ ಬಹಳ ಕಾಲ ಹಡಗಿನ ಹಲಗೆಯಾಗಿ ಊರೂರು ಅಲೆದೆ. ಹಡಗಿಗೆ ಮುಪ್ಪಡರಿ ಅದನ್ನು ಒಡೆದಾಗ ಬಡಗಿಯೊಬ್ಬ ನನ್ನನ್ನು ಆರಿಸಿ, ಕಾಲು ಬೆನ್ನು ಕೂಡಿಸಿ, ವಿದರ್ಲಿ ಹಾಲ್ ಎಂಬ ದೊಡ್ಡಮನೆಯ ತೋಟಕ್ಕೆ ಮಾರಿದ. ಸಮುದ್ರದ ಉಪ್ಪುಂಡ ಮೈಗೆ ಇಲ್ಲಿಯ ಜಿಟಿಜಿಟಿ ಮಳೆ ಯಾವ ಲೆಕ್ಕ!

ಆ ಮನೆಯ ಅಂದವನ್ನು ಏನೆಂದು ಹೇಳಲಿ? ಬೆಲ್ಲದ ಬಣ್ಣದ ಕಲ್ಲು. ಸಂಜೆ ಬಿಸಿಲಿಗೆ ಸಾಲು ಕಿಟಕಿಗಳೆಲ್ಲ ಬೆಳಗುತ್ತವೆ. ಗೋಡೆಯಂತೆ ಕತ್ತರಿಸಿದ ಹಸಿರು ಬೇಲಿ, ಅದರಾಚೆ ಕೊಳ, ಈಚೆ ನನ್ನೆದುರು ಗುಲಾಬಿ ಪಾತಿಗಳು. ಇಷ್ಟು ವರ್ಷ ನೋಡಿದರೂ ನನಗೆ ಸಾಕೆನಿಸಿಲ್ಲ.

ಮನೆತನದವರನ್ನು ನಾನು ಕಂಡದ್ದು ಕೆಳಗಿನಿಂದ: ಬೂಟುಗಳು, ಲಂಗದ ಅಂಚುಗಳು, ನಾಯಿಗಳ ಮೂತಿ. ಯುದ್ಧ ಬಂದಾಗ ಗಾಯಾಳು ಸೈನಿಕರು ನನ್ನ ಮೇಲೆ ಕೂತು ಬಿಸಿಲು ಕಾಯಿಸಿದರು. ಆಮೇಲೆ ಮನೆಯನ್ನು ಸಂಭಾಳಿಸಲಾಗದೆ ಒಡೆಯರು ಒಂದು ಟ್ರಸ್ಟಿಗೆ ಒಪ್ಪಿಸಿ ಹೋದರು. ಟಿಕೆಟ್ಟು ತೆಗೆದುಕೊಂಡು ಜನ ಬರತೊಡಗಿದರು.

ಹಾಗೆ ಬಂದ ಡೊರೊಥಿ, ಮನಸ್ಸು ತಡೆಯದೆ, ವಾರವಾರ ಬಂದು ಗುಲಾಬಿಯ ಕಳೆ ಕೀಳುವ ಕೆಲಸ ಹಿಡಿದಳು. ಗಂಡ ಆರ್ಥರ್ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದ. ಇಬ್ಬರೂ ನನ್ನ ಮೇಲೆ ಕೂತು ಕುಡಿಯುವರು. ಅವಳು ತೀರಿಕೊಂಡ ಮೇಲೆ, ಇಲ್ಲಿಯ ರೂಢಿಯಂತೆ, ಆರ್ಥರ್ ನನ್ನ ಬೆನ್ನಿಗೆ ಹಿತ್ತಾಳೆ ತಗಡು ಹೊಡೆಸಿದ: 'ಈ ತೋಟವನ್ನು ಪ್ರೀತಿಸಿದ ಡೊರೊಥಿಯ ನೆನಪಿಗೆ.' ಅಂದಿನಿಂದ ಬರುತ್ತಾನೆ, ತಗಡು ಒರೆಸುತ್ತಾನೆ, ನಿಂತೇ ಇದ್ದು ಹೋಗುತ್ತಾನೆ. ಕೂರುವುದಿಲ್ಲ. ಬೆಂಚಿಗೆ ಇದಕ್ಕಿಂತ ಸಂಕಟ ಇನ್ನೇನಿದೆ? ಒಮ್ಮೆಯಾದರೂ ಕೂರಲಿ ಎಂದು ನನ್ನ ಜೀವ ಹಂಬಲಿಸುತ್ತಿತ್ತು.

ಹೋದ ಜೂನಿನಲ್ಲಿ ಧಾರವಾಡದ ನೀಲವ್ವ ತೋಟ ನೋಡಲು ಬಂದಳು. ಇಲ್ಲೇ ನರ್ಸ್ ಆಗಿರುವ ಮಗಳು ಪ್ರಮೀಳಾ ಜೊತೆಗಿದ್ದಳು.

"ಏನ್ ಚೆಂದ ಇಟ್ಟಾರವಾ! ಒಂದು ಕಸದ ಕಡ್ಡಿ ಇಲ್ಲ ನೋಡು," ಎನ್ನುತ್ತ ನೀಲವ್ವ ಮೊಣಕಾಲು ಹಿಡಿದುಕೊಂಡು ನನ್ನ ಮೇಲೆ ಕೂತಳು. ಮಗಳು ತಗಡು ಓದಿ ಅರ್ಥ ಹೇಳಿದ್ದೇ ತಡ, ತಾಯಿ ದಡಕ್ಕನೆ ಎದ್ದಳು.

"ಶಿವಶಿವಾ! ಸತ್ತವರ ಹೆಸರಿಗೆ ಬೆನ್ನು ಹಚ್ಚಿ ಕುಂಡ್ರೂದಾ?" ತಗಡು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಎಂದಿನಂತೆ ತಗಡು ಒರೆಸಲು ಬಂದು ಪಕ್ಕದಲ್ಲೇ ನಿಂತಿದ್ದ ಆರ್ಥರ್ ಗಾಬರಿಯಾದ. "ಬೆಂಚು ಸರಿಯಿಲ್ಲವೇ?" ಎಂದು ಮಗಳನ್ನು ಕೇಳಿದ. ಅವಳು ವಿಷಯ ಹೇಳಿದಳು.

"ಡೊರೊಥಿ ನನ್ನ ಹೆಂಡತಿ. ನಮ್ಮಲ್ಲಿ ಕೂತರೇ ಅವಳಿಗೆ ಗೌರವ. ಅಮ್ಮನಿಗೆ ದಯವಿಟ್ಟು ಹೇಳಿ," ಎಂದ.

ಮಗಳು ಹೇಳಿದಳು. ನೀಲವ್ವ ಮುದುಕನನ್ನು ಮೇಲಿಂದ ಕೆಳಗೆ ನೋಡಿದಳು. "ಕುಂತ್ರ ಗೌರವ ಅಂತಾರಲ್ಲ ಈ ಅಜ್ಜಾರು, ಮತ್ತ ತಾವ್ಯಾಕ ನಿಂತಾರ? ಕೇಳವಾ."

ಪ್ರಮೀಳಾ ಹಿಂಜರಿಯುತ್ತಲೇ ಕೇಳಿದಳು. ಆರ್ಥರ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಅವಳಿಲ್ಲದೆ ಹೇಗೆ ಕೂರಬೇಕೋ ಗೊತ್ತಾಗಲಿಲ್ಲ."

ಅದನ್ನು ಮಗಳು ತಾಯಿಗೆ ಮೆಲ್ಲಗೆ ಹೇಳಿದಳು. ನೀಲವ್ವ ನನ್ನ ಒಂದು ತುದಿಗೆ ಸರಿದು ಕೂತಳು. ಇನ್ನೊಂದು ತುದಿಯನ್ನು ಸೆರಗಿನಿಂದ ಒರೆಸಿದಳು.

"ಬರ್ರಿ ಅಜ್ಜಾರ, ಕುಂಡ್ರಬರ್ರಿ. ಅಕ್ಕಾರಿಗೆ ನಡುವ ಜಾಗ ಬಿಟ್ಟೀನಿ."

ಕನ್ನಡ ಬಾರದ ಆರ್ಥರ್, ಮಗಳು ಅನುವಾದಿಸುವ ಮೊದಲೇ, ಬಂದು ಕೂತ.