ನಾಲ್ಕನೇ ಸಾಕ್ಷಿ ಹೇಳದ ಹಕಾರ

ಸಾಕ್ಷ್ಯಚಿತ್ರದಲ್ಲಿ ನನ್ನ ಅಮ್ಮಿಯಾಗಿ ನಟಿಸಿದ ಹೆಂಗಸು ಅಮ್ಮಿಗಿಂತ ತೆಳ್ಳಗಿದ್ದಳು. ಮುಖ ಮಸುಕು ಮಾಡಿದ್ದರು. ಹೆಸರು ಹೇಳಿರಲಿಲ್ಲ, ‘ನಾಲ್ಕನೇ ಸಾಕ್ಷಿ’ ಎಂದಷ್ಟೇ. ಆದರೆ ಕೈಗೆ ಬೋಂಡ ತೆಗೆಯುವ ಜಾಲರಿ ಸೌಟು ಕೊಟ್ಟಿದ್ದರು. ಎಂಟು ವರ್ಷದ ಹಿಂದೆ ಸಂತೆಬಾಚಹಳ್ಳಿಯ ಸಂತೆಯಲ್ಲಿ ಬೋಂಡ ಕರಿಯುತ್ತಿದ್ದವಳು ಬಷೀರುನ್ನೀಸಾ ಒಬ್ಬಳೇ. ಕೆ.ಆರ್. ಪೇಟೆಯಲ್ಲಿ ಯಾರಿಗೂ ಊಹಿಸುವ ಕಷ್ಟ ಬರಲಿಲ್ಲ.

ನಾವು ಅದನ್ನು ನೋಡಿದ್ದು ಪೇಟೆಯ ನಮ್ಮ ಹೋಟೆಲಿನಲ್ಲೇ. ಬೆಳಗಿನ ತಿಂಡಿ ಮುಗಿದಿತ್ತು, ಮಧ್ಯಾಹ್ನದ ಅನ್ನಕ್ಕೆ ಹೊತ್ತಿತ್ತು. ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಅಮ್ಮಿ, ನಾನು, ಮತ್ತು ಒಂದು ಟೀಗೆ ಒಂದು ಗಂಟೆ ಕೂರುವ ರಿಟೈರ್ಡ್ ಕಂಡಕ್ಟರ್ ನರಸಯ್ಯ ಕೂತಿದ್ದೆವು.

ಚಿತ್ರ ಎಂಟು ವರ್ಷದ ಹಿಂದಿನ ಒಂದು ಕೊಲೆಯದು. ಕೊಬ್ಬರಿ ವ್ಯಾಪಾರಿ ರಂಗಸ್ವಾಮಿ ಸಂತೆಯ ದಿನ ತನ್ನ ಮಂಡಿಯ ಒಳಕೋಣೆಯಲ್ಲಿ ತಲೆಗೆ ಏಟು ಬಿದ್ದು ಸತ್ತಿದ್ದ. ಅವನ ಬಳಿ ಕಾಯಿ ಸುಲಿಯುತ್ತಿದ್ದ ಚಲುವರಾಜು ಕೈಯೆಲ್ಲ ರಕ್ತ ಮಾಡಿಕೊಂಡು ಹೊರಗೆ ಓಡಿಬಂದ. ಎದುರಿಗಿದ್ದದ್ದು ಅಮ್ಮಿಯ ಬಾಣಲೆ. ಬೀಗ ಹಾಕಿದ ಕೋಣೆಯೊಳಗೆ ಯಜಮಾನ ಬಿದ್ದಿದ್ದು ಕಂಡು, ಕಿಟಕಿ ಮುರಿದು ಎತ್ತಲು ಹೋಗಿದ್ದೆ ಎಂದು ಅವನು ಕೋರ್ಟಿನಲ್ಲಿ ಹೇಳಿದ. ಕೊಂದ ಮೇಲೆ ಕಳ್ಳತನದಂತೆ ಕಾಣಲೆಂದು ಕಿಟಕಿ ಮುರಿದ ಎಂದು ಸರ್ಕಾರಿ ವಕೀಲರು ಹೇಳಿದರು. ತಕ್ಕಡಿ ವಾಲಿದ್ದು ನಾಲ್ಕನೇ ಸಾಕ್ಷಿಯ ಒಂದು ಮಾತಿನಿಂದ. ಚಲುವರಾಜುವಿಗೆ ಜೀವಾವಧಿ ಆಯಿತು. ಮೇಲ್ಮನವಿ ಇನ್ನೂ ಕೊಳೆಯುತ್ತಿದೆ.

ಫೋನಿನಲ್ಲಿ ಆ ತೆಳ್ಳನೆ ಹೆಂಗಸು ಹೇಳಿದಳು: “ಅವನು ಹೊರಗೆ ಓಡಿಬಂದು, ‘ಹೊಡೆದುಬಿಟ್ಟೆ ಅಕ್ಕಾ, ಹೊಡೆದುಬಿಟ್ಟೆ’ ಎಂದನು.”

ಅಮ್ಮಿ ಕಿಸಕ್ಕನೆ ನಕ್ಕಳು. “ಎಂದನು ಅಂತೆ! ಚಲುವರಾಜು ಯಾವತ್ಲಾ ಟೀವಿನೋರಂಗೆ ಮಾತಾಡ್ದ?”

“ಮತ್ತೆ ಎಂಗಂದಿದ್ನಕ್ಕಾ?” ಎಂದ ನರಸಯ್ಯ.

“ಒಡ್ದ್ಬುಟ್ಟೆ ಕಣಕ್ಕ, ಒಡ್ದ್ಬುಟ್ಟೆ. ಅಷ್ಟೇಯ.”

ನರಸಯ್ಯನೂ ನಕ್ಕ. ನಾನೂ ನಕ್ಕೆ. ಅಮ್ಮಿ ಅಕ್ಕಿ ಆರಿಸಲು ಎದ್ದಳು.

ಮೂರೇ ದಿನದಲ್ಲಿ ಅದನ್ನು ನೋಡಿದವರು ಲಕ್ಷ ದಾಟಿದರು. ಕಾಮೆಂಟುಗಳಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ಚಲುವರಾಜು ಹಸು, ಇನ್ನೊಂದಕ್ಕೆ ಹುಲಿ. ಎರಡೂ ಪಕ್ಷ ಒಪ್ಪುತ್ತಿದ್ದದ್ದು ಒಂದೇ ವಿಷಯ: ಬೋಂಡದವಳು ಏನೋ ಮುಚ್ಚಿಡುತ್ತಿದ್ದಾಳೆ. ‘ಯಾರು ಹೇಳಿಕೊಟ್ಟರು ಆಂಟಿ?’ ‘ಮುಖ ಮುಚ್ಚಿಕೊಂಡರೆ ಪಾಪ ಮುಚ್ಚುತ್ತಾ?’ ಶ್ರೀರಂಗಪಟ್ಟಣದ ಒಬ್ಬ ಬೋಂಡ ಕಚ್ಚುತ್ತಾ ‘ಹೊಡೆದುಬಿಟ್ಟೆ ಅಕ್ಕಾ’ ಎಂದು ರೀಲ್ ಮಾಡಿದ. ನಾಗಮಂಗಲದಿಂದ ಬೈಕಿನಲ್ಲಿ ಬಂದ ಇಬ್ಬರು ಹೋಟೆಲಿನ ಎದುರು ಸೆಲ್ಫಿ ತೆಗೆದುಕೊಂಡು, ಒಂದು ಕಾಫಿ ಕೂಡ ಕುಡಿಯದೆ ಹೋದರು. ಅದೊಂದಕ್ಕೆ ಅಮ್ಮಿಗೆ ನಿಜವಾಗಿ ಸಿಟ್ಟು ಬಂತು.

ನಾಲ್ಕನೇ ಬೆಳಿಗ್ಗೆ ಶಟರಿನ ಮೇಲೆ ಸೀಮೆಸುಣ್ಣದಲ್ಲಿ ‘ಸುಳ್ಳುಸಾಕ್ಷಿ ಹೋಟೆಲ್’ ಎಂದು ಬರೆದಿತ್ತು. ನಾನು ಒರೆಸಲು ಬಟ್ಟೆ ತಂದೆ.

“ಇರ್ಲಿ ಬುಡು ಮೆಹನಾಜ್,” ಎಂದಳು ಅಮ್ಮಿ. “ಓದಕ್ ಬರೋರು ಓದ್ಲಿ, ತಿನ್ನಕ್ ಬರೋರು ಒಳಿಕ್ ಬರ್ಲಿ. ನಾನು ಸುಳ್ ಯೋಳಿಲ್ಲ.”

ಅಬ್ಬಾ ಆಟೋ ಸ್ಟಾರ್ಟ್ ಮಾಡಿಕೊಂಡು ಬಾಡಿಗೆಗೆ ಹೋದರು.

ನನ್ನ ಕೆಲಸ ಕೋರ್ಟಿನ ಎದುರಿನ ಅಂಗಡಿಯಲ್ಲಿ ಟೈಪಿಂಗ್. ಜನ ಬಾಯಲ್ಲಿ ಹೇಳಿದ್ದನ್ನು ಬರವಣಿಗೆಯ ಕನ್ನಡಕ್ಕೆ ತಿರುಗಿಸಿ ಅರ್ಜಿ, ಅಫಿಡವಿಟ್ಟು ಮಾಡುತ್ತೇನೆ. ಅವರು ‘ಅಸ’ ಅಂದರೆ ಹಸು, ‘ಅಳ್ಳಿ’ ಅಂದರೆ ಹಳ್ಳಿ. ದಿನಕ್ಕೆ ನೂರು ಹಕಾರ ಸೇರಿಸಿ ಎಲ್ಲರನ್ನೂ ಮರ್ಯಾದಸ್ಥರನ್ನಾಗಿ ಮಾಡುವುದೇ ನನ್ನ ವಿದ್ಯೆ ಅಂದುಕೊಂಡಿದ್ದೆ.

ಆವತ್ತು ಶೀಳನೆರೆಯ ದ್ಯಾವಯ್ಯ ನಲ್ಲಿಯ ಹತ್ತಿರ ನಡೆದ ಜಗಳದ ಬಗ್ಗೆ ದೂರು ಬರೆಸುತ್ತಿದ್ದ. “ಮೊದ್ಲು ನನ್ ಬಿಂದ್ಗೆ ಒಡ್ದ, ಆಮೇಲೆ ನನ್ನೂ ಒಡ್ದ ಕಣವ್ವ.”

ನಾನು ಟೈಪ್ ಮಾಡಿದೆ: ಮೊದಲು ನನ್ನ ಬಿಂದಿಗೆಯನ್ನು ಒಡೆದನು, ನಂತರ ನನ್ನನ್ನು ಹೊಡೆದನು.

ಕೈ ನಿಂತಿತು. ಮುದುಕನ ಬಾಯಿಂದ ಬಂದದ್ದು ಎರಡು ಸಲವೂ ಒಂದೇ ಮಾತು. ಎಲ್ಲಿ ಹಕಾರ ಹಾಕಬೇಕು, ಎಲ್ಲಿ ಬಿಡಬೇಕು ಎಂದು ತೀರ್ಮಾನಿಸಿದ್ದು ನನ್ನ ಬೆರಳು. ಬಿಂದಿಗೆ ಇತ್ತು, ಹಾಗಾಗಿ ನಾನು ತಪ್ಪಲಿಲ್ಲ. ಬಿಂದಿಗೆ ಇಲ್ಲದಿದ್ದರೆ?

“ಏನಾಯ್ತವ್ವಾ, ಕರೆಂಟ್ ಓಯ್ತಾ?” ಎಂದ ದ್ಯಾವಯ್ಯ.

ಹೋಟೆಲಿಗೆ ಓಡಿದೆ. ಅಮ್ಮಿ ಮುದ್ದೆ ತಿರುವುತ್ತಿದ್ದಳು. ಚಲುವರಾಜು ಒಡ್ದ್ಬುಟ್ಟೆ ಅಂದನಲ್ಲ, ಏನನ್ನು ಎಂದು ಕೇಳಿದೆ.

“ಏನ್ನ ಅಂದ್ರೆ? ಕಿಟ್ಕಿ ಗಾಜ. ಅಂಗೈಲಿ ಚೂರು ಇತ್ತು, ನಾನೇ ಕಿತ್ತು ಅರಿಸ್ನ ಮೆತ್ತಿದ್ದೆ.”

“ಪೋಲೀಸರಿಗೆ ಹೇಳಿದ್ಯಾ?”

“ಅವ್ನು ಏನಂದ ಅಂತ ಕೇಳುದ್ರು. ಯೋಳ್ದೆ. ಅಂಗೈಲಿ ಏನಿತ್ತು ಅಂತ ಕೇಳ್ಲಿಲ್ಲ.”

“ಬರೆದದ್ದನ್ನು ಓದಿ ಹೇಳಲಿಲ್ವಾ?”

“ಓದುದ್ರು. ಒಡೆದುಬಿಟ್ಟೆ ಅಂತ್ಲೇ ಓದಿದ್ದು.” ಅಮ್ಮಿಯ ಕೈಯಲ್ಲಿ ಕೋಲು ನಿಂತಿತು. “ಅಲ್ವಾ?”

ಅಲ್ಲ. ಠಾಣೆಯಲ್ಲಿ ಅಮ್ಮಿಯ ಹೇಳಿಕೆ ಬರೆದುಕೊಂಡವನು ಬೇರೆ ಸೀಮೆಯಿಂದ ಬಂದವನು. ಅವನು ಹಕಾರ ಹಾಕಿ ಬರೆದ, ಹಕಾರ ಹಾಕಿಯೇ ಓದಿದ. ಅಮ್ಮಿಯ ಕಿವಿಗೆ ಹಕಾರ ಬೀಳುವುದೇ ಇಲ್ಲ. ಕೋರ್ಟಿನಲ್ಲೂ ಹಾಗೇ. ‘ಹೊಡೆದೆ ಅಂದನಾ?’ ‘ಊಂ, ಒಡ್ದೆ ಅಂದ.’ ನನ್ನಂಥ ಒಬ್ಬಳು ಚೆಂದ ಮಾಡಿ ಟೈಪ್ ಮಾಡಿದಳು.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮುದ್ದೆ ತಳ ಹಿಡಿದಿತ್ತು. ಅಮ್ಮಿ ಒಲೆ ಆರಿಸಿದಳು.

ಊಟಕ್ಕೆ ಬಂದ ಅಬ್ಬಾ ವಿಷಯ ಕೇಳಿ ಕೈ ತೊಳೆಯದೆಯೇ ಕೂಗಿದರು. “ತಲೆ ಕೆಟ್ಟದಾ ತಾಯಿ ಮಗಳಿಗೆ? ಈಗ ಬಾಯಿ ಬುಟ್ರೆ, ಆವತ್ತು ಸುಳ್ ಯೋಳಿದ್ದೆ ಅಂತ ಇವ್ಳನ್ನೇ ಒಳಿಕ್ ಆಕ್ತಾರೆ. ಬೈಯ್ಯೋರು ಬೈಕತಾವ್ರೆ, ಬೈಕಳ್ಳಿ. ಒಂದ್ ತಿಂಗ್ಳು. ಆಮೇಲೆ ಇನ್ನೊಂದ್ ಪಿಚ್ಚರು ನೋಡ್ತಾರೆ.”

“ಗಫಾರ್ ಸಾಹೇಬ್ರೆ,” ಎಂದಳು ಅಮ್ಮಿ. ಸಿಟ್ಟು ಬಂದಾಗ ಮಾತ್ರ ಹಾಗೆ ಕರೆಯುತ್ತಾಳೆ. “ಆವತ್ತು ಮನೇಗ್ ಬಂದು ನಿಮ್ಗೆ ಏನಂದೆ? ನಮ್ ಮಾತಲ್ಲಿ ಏನಂದೆ?”

ಮನೆಯಲ್ಲಿ ನಮ್ಮದು ಉರ್ದು. ಉರ್ದುವಿನಲ್ಲಿ ಒಡೆಯುವುದಕ್ಕೊಂದು ಮಾತು, ಹೊಡೆಯುವುದಕ್ಕೊಂದು ಮಾತು. ಕಲಸಿಹೋಗಲು ಜಾಗವೇ ಇಲ್ಲ. ಅಬ್ಬಾ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು.

“ಫೋಡ್ ಡಾಲ್ಯಾ,” ಎಂದರು. ಒಡೆದುಹಾಕಿದ. “ಮಾರ್ಯಾ ಅನ್ನಲಿಲ್ಲ ನೀನು.” ಮಾರ್ಯಾ ಅಂದರೆ ಹೊಡೆದ.

“ಆಟೋ ತೆಗೀರಿ.”

ಚಲುವರಾಜುವಿನ ತಂಗಿ ಜಯಲಕ್ಷ್ಮಮ್ಮ ಹೊಣಕೆರೆಯಲ್ಲಿದ್ದಳು. ಅಮ್ಮಿಯನ್ನು ನೋಡಿದೊಡನೆ ಕೈಯಲ್ಲಿದ್ದ ಪೊರಕೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

“ಏನ್ ನೋಡಕ್ ಬಂದೆ? ಇನ್ನೂ ಏನಾರ ಉಳಿಸಿದ್ದೀಯಾ?”

ಅಮ್ಮಿ ಹೊಸ್ತಿಲಾಚೆ ನಿಂತೇ ಎಲ್ಲ ಹೇಳಿದಳು. ಜಯಲಕ್ಷ್ಮಮ್ಮ ಕೇಳಿದಳು. ಆಮೇಲೆ ಬೈಯಲು ಶುರು ಮಾಡಿದಳು. ಎಂಟು ವರ್ಷದ್ದೆಲ್ಲ ಬೈದಳು. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಅಮ್ಮಿ ತಲೆ ತಗ್ಗಿಸಲಿಲ್ಲ.

“ಬೈಯ್ಯಿ. ನಂಗೂ ಬೈಸ್ಕಬೇಕು ಅನ್ಸದೆ. ಆದ್ರೆ ಐದ್ ಗಂಟೆಗೆ ವಕೀಲ್ರು ಎದ್ದೋಯ್ತಾರೆ. ಉಳಿದಿದ್ದ ಆಟೋದಲ್ಲಿ ಬೈಯ್ಯಿವಂತೆ, ಅತ್ತು.”

ಅವಳು ಹತ್ತಿದಳು. ಪೇಟೆಯವರೆಗೂ ಬೈದಳು.

ಚಲುವರಾಜುವಿನ ಮೇಲ್ಮನವಿ ನೋಡುತ್ತಿದ್ದ ವಕೀಲ ಚೈತನ್ಯ ನಮ್ಮ ಟೈಪಿಂಗ್ ಅಂಗಡಿಯಲ್ಲೇ ಕೂತು ಕೇಳಿದರು. ಎರಡು ಸಲ ಕೇಳಿದರು. “ಆವಾಗ ಒಂದು, ಈವಾಗ ಒಂದು ಹೇಳ್ತಿದ್ದೀರಿ ಅಂತ ನಿಮ್ಮ ಮೇಲೇ ಕೇಸ್ ಆಗಬಹುದಮ್ಮ. ಗೊತ್ತಿರಲಿ.”

“ಆಗ್ಲಿ ಸ್ವಾಮಿ. ಆವಾಗ್ಲೂ ಈವಾಗ್ಲೂ ಯೋಳಿದ್ದು ಒಂದೇಯ. ಕೇಳಿದ್ ಕಿವಿ ಬ್ಯಾರೆ.”

ವಕೀಲರು ನನ್ನ ಕಡೆ ತಿರುಗಿ ಹೇಳತೊಡಗಿದರು, ನಾನು ಟೈಪ್ ಮಾಡತೊಡಗಿದೆ. ಆ ಮಾತಿನ ಹತ್ತಿರ ಬಂದಾಗ, “‘ಗಾಜು ಒಡೆದುಬಿಟ್ಟೆ ಅಕ್ಕಾ’ ಎಂದು ಹೇಳಿದನು,” ಎಂದರು.

“ಗಾಜು ಅನ್ಲಿಲ್ಲ ಅವ್ನು,” ಎಂದಳು ಅಮ್ಮಿ.

ಎಲ್ಲರೂ ಅವಳನ್ನು ನೋಡಿದೆವು.

“ಒಡ್ದ್ಬುಟ್ಟೆ ಅಂದ. ಚೂರು ನಾನು ಕಂಡೆ. ಗಾಜು ಅಂತ ಅವ್ನ್ ಬಾಯಲ್ಲಿ ಬರ್ಲಿಲ್ಲ.”

ಜಯಲಕ್ಷ್ಮಮ್ಮ ಬೆಂಚಿನಿಂದ ಎದ್ದಳು. “ಒಂದ್ ಮಾತು! ಒಂದ್ ಮಾತು ಸೇರ್ಸುದ್ರೆ ನಿನ್ ಗಂಟೇನು ಓಯ್ತದೆ? ನಮ್ಮಣ್ಣ ಆಚಿಕ್ ಬತ್ತಾನಲ್ಲ!”

“ಸೇರ್ಸಿದ್ದಕ್ಕೇ ಅಲ್ವೇನವ್ವಾ ಅವ್ನು ಒಳಿಕ್ ಓಗಿದ್ದು?”

ಜಯಲಕ್ಷ್ಮಮ್ಮ ಅಮ್ಮಿಯನ್ನು ಹೊಡೆದೇಬಿಡುತ್ತಾಳೆ ಅಂದುಕೊಂಡೆ. ವಕೀಲರು, ಹಾಗಾದರೆ ಇದು ಸ್ವಲ್ಪ ದುರ್ಬಲವಾಗುತ್ತದೆ ಎಂದು ಗೊಣಗಿದರು. ಅಮ್ಮಿ ನನ್ನ ಕಡೆ ತಿರುಗಿ ಹೇಳಿದಳು: “ಅವ್ನು ಅಂದಂಗೆ ಬರಿ. ನಾನು ಕಂಡಿದ್ದ ಬ್ಯಾರೆ ಬರಿ, ಚೂರು, ಅರಿಸ್ನ, ಎಲ್ಲಾನೂವೆ. ನಿಮ್ಮಪ್ಪಂದೂ ಒಂದು ಬರಿ.”

ಬಾಗಿಲಲ್ಲಿ ನಿಂತಿದ್ದ ಅಬ್ಬಾ ಇಲ್ಲ ಅನ್ನಲಿಲ್ಲ.

ನಾನು ಆ ಮಾತನ್ನು ಬಾಯಿಂದ ಬಂದಂತೆಯೇ ಟೈಪ್ ಮಾಡಿದೆ. ತೆರೆಯ ಮೇಲೆ ಅದರ ಕೆಳಗೆ ಕೆಂಪು ಗೆರೆ ಬಂತು. ಬಿಟ್ಟೆ. ಪ್ರಿಂಟ್ ತೆಗೆದು ಗಟ್ಟಿಯಾಗಿ ಓದಿದೆ, ಆ ಸಾಲನ್ನು ಅಮ್ಮಿ ಹೇಳುವ ಹಾಗೇ.

“ಇನ್ನೊಂದ್ಸಲ ಓದು,” ಎಂದಳು ಜಯಲಕ್ಷ್ಮಮ್ಮ.

ಓದಿದೆ. “ಒಡ್ದ್ಬುಟ್ಟೆ ಕಣಕ್ಕ, ಒಡ್ದ್ಬುಟ್ಟೆ.”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಮೇಜಿನ ಮೇಲಿದ್ದ ಪೆನ್ನು ತೆಗೆದು, ಮುಚ್ಚಳ ಕಿತ್ತು, ಅಮ್ಮಿಯ ಕೈಗೆ ತುರುಕಿದಳು.

“ಆಕು ರುಜು.”