ಗೋಧಿಹಾಲಿನ ಹಲ್ವ

ಅವರೆಕಾಯಿ ಸೊಗಡು ಬೀದಿಗೆಲ್ಲ ಹರಡುವ ಚಳಿಗಾಲ. ಬುಧವಾರ ಬೆಳಗಿನ ನಮಾಜು ಮುಗಿಸಿ, ಇನ್ನೂ ಮಬ್ಬಿರುವಾಗಲೇ, ಕೊಡಿಗೇಹಳ್ಳಿಯ ಬದರುನ್ನೀಸಾ ಎರಡು ಸೇರು ಗೋಧಿ ನೆನೆಹಾಕಿದಳು. ಅವಳ ಅಕ್ಕ ಮಲ್ಕಾ ಆರ್.ಟಿ. ನಗರದ ಮನೆ ಖಾಲಿ ಮಾಡಿ ಕಲಬುರಗಿಯ ಮಗಳ ಹತ್ತಿರ ಹೊರಟಿದ್ದಳು. ವಾಪಸು ಬರುವ ಮಾತಿರಲಿಲ್ಲ. "ಅಮ್ಮ ಮಾಡ್ತಿದ್ದ ಹಲ್ವ ಒಂದ್ಸಲ ತಿನ್ನಿಸ್ಬಿಡೇ," ಅಂದಿದ್ದಳು. ಭಾನುವಾರ ರೈಲು. ಹಲ್ವಕ್ಕೆ ನಾಲ್ಕು ದಿನ ಬೇಕು. ಇದ್ದದ್ದೂ ಅಷ್ಟೇ.

ದಿನಾ ನೀರು ಬದಲಿಸಿದಳು. ಶುಕ್ರವಾರ ಒರಳಲ್ಲಿ ರುಬ್ಬಿ, ಬಟ್ಟೆಗೆ ಹಾಕಿ ಹಿಂಡಿ ಹಿಂಡಿ ಹಾಲು ತೆಗೆದಳು. ಮಣಿಕಟ್ಟು ಊದಿತು. ಮಗ ಮುಬಶ್ಶಿರ್ ಬಾಗಿಲಿಗೊರಗಿ ನಕ್ಕ.

"ಫೋನಲ್ಲಿ ಒತ್ತಿದ್ರೆ ಹತ್ತು ನಿಮಿಷಕ್ಕೆ ಬರುತ್ತೆ ಅಮ್ಮೀ. ಈ ಸರ್ಕಸ್ ಯಾಕೆ?"

"ನಿನ್ನ ಫೋನು ನಮ್ಮಮ್ಮನ್ನ ಕಂಡಿತ್ತೇನೋ?"

ಆ ಹಾಲು ರಾತ್ರಿಯಿಡೀ ಅಲುಗದೆ ಕೂತು ಹಲ್ವಕ್ಕೆ ಬೇಕಾದ ಗಟ್ಟಿಯೆಲ್ಲ ತಳಕ್ಕಿಳಿಯಬೇಕು. ಮೇಲಿನ ಹುಳಿ ನೀರು ಪಕ್ಕದ ಮನೆ ಮುನಿನಾರಾಯಣಮ್ಮನ ಹಸುವಿಗೆ. ಮೂವತ್ತು ವರ್ಷದಿಂದ ಈ ಮನೆಯ ಅಕ್ಕಿ ತೊಳೆದ ನೀರು, ಗಂಜಿ, ಎಲ್ಲ ಗೋಡೆ ಬದಿಯ ಅವಳ ಕಲಗಚ್ಚಿನ ಬಕೆಟ್ಟಿಗೇ ಬೀಳುತ್ತಿತ್ತು.

ಶನಿವಾರ ಬೆಳಿಗ್ಗೆ ಬದರುನ್ನೀಸಾ ತುಪ್ಪ ತರಲು ಹೋಗಿ ಬಂದರೆ, ಪಾತ್ರೆ ತೊಳೆದು ಬೋರಲು ಹಾಕಿತ್ತು.

"ಹಾಲೆಲ್ಲೋ?"

ಮುಬಶ್ಶಿರ್ ತಲೆಯೆತ್ತಲಿಲ್ಲ. "ಪಕ್ಕದ ಆಯಮ್ಮ ಬಂದಿದ್ರು. ಕಲಗಚ್ಚು ಅಂತ ಎತ್ಕೊಂಡ್ರೇನೋ."

ಅವಳು ಗೋಡೆ ಹತ್ತಿರ ನಿಂತು ಬೀದಿಗೆ ಕೇಳುವಂತೆ ಕಿರುಚಿದಳು. "ಕಣ್ಣು ಕಾಣಲ್ವೇನೇ ನಿಂಗೆ? ನಾಲ್ಕು ದಿನದ ಮೈಕೈ ನೋವನ್ನ ಹಸೂಗೆ ಕುಡಿಸ್ದೆಯಲ್ಲೇ!"

ಮುನಿನಾರಾಯಣಮ್ಮ ಸಗಣಿ ಕೈಯಲ್ಲೇ ಎದ್ದು ಬಂದಳು. "ಬಾಯಿ ಬಿಗಿ ಇಡ್ಕೊಂಡು ಮಾತಾಡು. ನಿನ್ನ ಅಡಿಗೆಮನೇಗೆ ನಾನ್ಯಾವತ್ತು ಕೈ ಇಕ್ಕಿದೀನಿ? ನಿನ್ನ ಮಗನೇ ತಂದು ಸುರುದ. ಉಳಿ ನಾತ ಬತ್ತೈತೆ, ಕೆಟ್ಟೋಗೈತೆ ಅಂದ. ಇಂಗೆ ಬೆಳ್ಳಗೈತಲ್ಲೋ, ನಿಮ್ಮಮ್ಮನ್ನ ಕೇಳು ಅಂದೆ. ಕೇಳಿದ್ನಾ?"

ಬದರುನ್ನೀಸಾ ತಿರುಗಿ ತನ್ನ ಮನೆ ಬಾಗಿಲ ಕಡೆ ನೋಡಿದಳು.

"ಬೈಯೋಕ್ಮುಂಚೆ ನನ್ನ ಒಂದು ಮಾತು ಕೇಳಾಕಾಗ್ಲಿಲ್ವಾ ನಿಂಗೆ? ಮೂವತ್ತೊರ್ಸ ಆಯ್ತು," ಅಂದವಳೇ ಮುನಿನಾರಾಯಣಮ್ಮ ಬಕೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡು ಒಳಗೆ ಹೋದಳು.

ಬದರುನ್ನೀಸಾ ಮಗನ ಕೈಯಿಂದ ಫೋನು ಕಿತ್ತು ಹಾಸಿಗೆ ಮೇಲೆಸೆದಳು. "ಹುಳಿ ಬರಬೇಕು ಕಣೋ ಅದು! ಅದಕ್ಕೇ ಅಷ್ಟು ದಿನ! ಚೆಲ್ಲಿದ್ದು ಹಾಳಾಗಿ ಹೋಗ್ಲಿ. ಆಯಮ್ಮನ ತಲೆ ಮೇಲೆ ಯಾಕೆ ಹಾಕಿದೆ?"

"ಅಯ್ಯೋ, ನೀವು ಕೂಗಾಡ್ತೀರಂತ. ಬೇಕರಿಯಿಂದ ಒಂದು ಕೇಜಿ ತರ್ತೀನಿ ಬಿಡಿ."

ಅವತ್ತು ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಮಾರನೇ ದಿನ ಯಶವಂತಪುರದ ಸ್ಟೇಷನ್ನಿನಲ್ಲಿ ಮುಬಶ್ಶಿರ್ ಕಿಟಕಿಯೊಳಗೆ ಡಬ್ಬಿ ಚಾಚಿದ. "ಖಾಲಾ, ಅಮ್ಮಿ ಮಾಡಿದ ಹಲ್ವ." ಮಲ್ಕಾಳ ಮುಖ ಅರಳಿತು. ಮುಚ್ಚಳಕ್ಕೆ ಕೈಹಾಕಿದಳು.

"ಸುಳ್ಳು ಆಪಾ!" ಬದರುನ್ನೀಸಾಳ ದನಿಗೆ ಕೂಲಿಯವರೂ ತಿರುಗಿದರು. "ಅಂಗಡೀದು. ನಾನು ಮಾಡ್ತಿದ್ದದ್ದನ್ನ ಇವನು ಚೆಲ್ಲಿದ. ಅಮ್ಮನ ಹೆಸರು ಹೇಳ್ಕೊಂಡು ಇದನ್ನ ತಿನ್ಬೇಡ."

"ಜನ ನೋಡ್ತಾರೆ ಅಮ್ಮೀ..."

"ನೋಡ್ಲಿ. ನಿನ್ನನ್ನೇ ನೋಡ್ಲಿ."

ಮಲ್ಕಾ ಇಬ್ಬರನ್ನೂ ನೋಡಿದಳು. ಡಬ್ಬಿಯನ್ನು ಅವನಿಗೇ ವಾಪಸು ಕೊಟ್ಟು, ತಂಗಿಯ ಊದಿದ ಕೈಯನ್ನು ಗಾಡಿ ಅಲುಗುವವರೆಗೂ ಹಿಡಿದುಕೊಂಡಿದ್ದಳು. ಆ ಭಾನುವಾರ ಮಲ್ಕಾ ಹೋದದ್ದು ಬರಿಗೈಯಲ್ಲಿ.